ಅತ್ತೆಯ ಗೋಡೆ

ವಿನಾಯಕ ಊರಿಂದ ತೆಲುಗು ಸೀಮೆಗೆ ಕಾರು ತಂದು ಸನತ್‌ನಗರದ ಆ ಒಂದು ಕೋಣೆಯ ಮನೆ ಮುಂದೆ ನಿಲ್ಲಿಸಿದಾಗ, ಅವನ ತಾಯಿ ಗಂಗೂಬಾಯಿಯ ತಲೆಯನ್ನು ಅಳಿಯ ಹಂಪಯ್ಯ ಬಾಚುತ್ತಿದ್ದ.

"ಸಿಕ್ಕು ಜಗ್ಗಬ್ಯಾಡ ಅಂತ ಹೇಳು," ಎಂದಳು ಗಂಗೂಬಾಯಿ, ಗೋಡೆಗೆ.

ಅತ್ತೆಯಾದವಳು ಅಳಿಯನ ಜೊತೆ ನೇರ ಮಾತಾಡಬಾರದು. ಹನ್ನೆರಡು ವರ್ಷ ಗಂಗೂಬಾಯಿ ತನ್ನ ಮಗಳು ಸುಮಂಗಲಾಳ ಮೂಲಕ ಮಾತಾಡಿದ್ದಳು. ಆರು ತಿಂಗಳ ಹಿಂದೆ ಸೊಂಟ ಮುರಿದು ಇಲ್ಲಿಗೆ ಬಂದಳು. ಮಗಳಿಗೆ ಹಗಲು ಕೆಲಸ, ಹಂಪಯ್ಯನಿಗೆ ರಾತ್ರಿ ಪಾಳಿ. ಹಗಲಲ್ಲಿ ಎತ್ತುವವನು, ತೊಳೆಯುವವನು, ಉಣಿಸುವವನು ಅವನೇ. ಆದರೂ ಪದ್ಧತಿ ಬಿಡಲಿಲ್ಲ. ಮಗಳ ಜಾಗಕ್ಕೆ ಗೋಡೆ ಬಂತು.

"ಅವ್ವನ್ನ ಕರ್ಕೊಂಡು ಹೋಗಾಕ ಬಂದೀನ್ರಿ ಮಾಮಾ," ಎಂದ ವಿನಾಯಕ. "ಮಗ ಗಟ್ಟಿಮುಟ್ಟ ಇದ್ದೂ ಅಳಿಯನ ಕೈಲೆ ಸೇವಾ ಮಾಡಿಸ್ಕೊಳ್ಳಾಕತ್ತಾಳ ಅಂತ ಊರಾಗ ಮಾನ ಹೊಂಟೈತಿ."

ಹಂಪಯ್ಯನ ಕೈಯಲ್ಲಿ ಹಣಿಗೆ ನಿಂತಿತು. ಅತ್ತೆ ಬರುವ ಮೊದಲು ಅವನು ಡ್ಯೂಟಿ ಮುಗಿಸಿ ಬಂದು, ತಣ್ಣನೆಯ ಅನ್ನ ಒಬ್ಬನೇ ತಿಂದು ಹೆಣದಂತೆ ಬೀಳುತ್ತಿದ್ದ. ಈಗ ಮಧ್ಯಾಹ್ನ ಇಬ್ಬರೂ ಚೌಕಾಬಾರ ಆಡುತ್ತಾರೆ. ಅವಳು ಮೋಸ ಮಾಡುತ್ತಾಳೆ. ಸಿಕ್ಕಿಬಿದ್ದರೆ ಗೋಡೆಯ ಜೊತೆ ಜಗಳಕ್ಕಿಳಿಯುತ್ತಾಳೆ. ಕಳಿಸುವುದಿಲ್ಲ ಎನ್ನಲು ಅವನ್ಯಾರು? ಅವಳ ಹೊಟ್ಟೆಯ ಮಗ ಬಂದು ನಿಂತಿದ್ದಾನೆ.

"ಬರಕೋ," ಎಂದ ಹಂಪಯ್ಯ. "ದಿನಾ ನಾಕು ಸಲ ಕುಂಡಿ ತೊಳಿಬೇಕು. ತಾಸಿಗೊಮ್ಮೆ ಮಗ್ಗಲಾ ಬದಲಿಸಬೇಕು. ಚಾ ಸಪ್ಪಗಾದ್ರ ಲೋಟಾ ಒಗಿತಾಳ."

"ಖರೇ ಐತಿ," ಎಂದಳು ಗಂಗೂಬಾಯಿ ಗೋಡೆಗೆ, ಹೆಮ್ಮೆಯಿಂದ.

"ಇರ್ಲಿ ಬಿಡ್ರಿ, ನಾ ಮಾಡ್ತೀನಿ." ವಿನಾಯಕ ತೋಳೇರಿಸಿ ಬಗ್ಗಿದ. ಇನ್ನೂ ಕೈ ತಾಕಿರಲಿಲ್ಲ.

"ಸತ್ತೆನೋ ಯಪ್ಪಾ!"

ಗಂಗೂಬಾಯಿಯ ಆ ಕೂಗಿಗೆ ಪಕ್ಕದ ಮನೆಯ ತೆಲುಗಿನವರು "ಏಮೈಂದಿ? ಏನಾಯ್ತು?" ಎನ್ನುತ್ತ ಬಾಗಿಲಿಗೆ ಓಡಿ ಬಂದರು.

"ಮುಟ್ಟೇ ಇಲ್ಲಲ್ಲಬೇ ಯವ್ವಾ!" ಎಂದ ವಿನಾಯಕ, ಎರಡೂ ಕೈ ಮೇಲೆತ್ತಿ.

ಗಂಗೂಬಾಯಿ ಸೆರಗು ಸರಿಸಿ, ಗೋಡೆ ಬಿಟ್ಟು, ನೇರ ಹಂಪಯ್ಯನ ಮುಖ ನೋಡಿದಳು.

"ಏ ಹಂಪ್ಯಾ! ಕ್ವಾಣ ನಿಂತಂಗ ನಿಂತೀಯಲ್ಲೋ! ಹೋಗಂತ ಹೇಳೋ ಇವಂಗ!"

ವಿನಾಯಕನಿಗೆ ಆ ಚೀರಾಟಕ್ಕಿಂತ ಇದೇ ದೊಡ್ಡ ಆಘಾತ. "ಯವ್ವಾ, ಅಳಿಯಾರಿಗೆ ಯಾರರ ಹಂಗ ಅಂತಾರೇನು?"

"ಅಳಿಯಾರು ಕುಂಡಿ ತೊಳಿತಾರೇನು?"

ವಿನಾಯಕ ಚಹಾ ಕುಡಿದು ಖಾಲಿ ಕಾರಿನಲ್ಲಿ ಹೊರಟುಹೋದ.

ಸಂಜೆ ಸುಮಂಗಲಾ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹಂಪಯ್ಯ ಬಾಗಿಲಿಗೆ ಬಂದ. ಹತ್ತು ವರ್ಷ ಗುತ್ತಿಗೆಯಲ್ಲಿ ದುಡಿದು ಇವತ್ತೇ ಕಾಯಂ ಆದ ನೌಕರನಂಥ ಮುಖ ಅವನದು.

"ನಿಮ್ಮವ್ವ ನನ್ನ ಮುಖಾ ನೋಡಿ ನನಗ ಕ್ವಾಣ ಅಂದ್ಳು," ಎಂದ.