ನುಂಗಿದ ಅರ್ಧ ಚೀಟಿ

ಸಿರುಗುಪ್ಪ ಬಸ್ಸಿನಲ್ಲಿ ಯಾರದೋ ಚೀಲದಿಂದ ಹೊಸ ಭತ್ತದ ವಾಸನೆ ಬಂದರೆ ಸಾಕು, ಇವತ್ತಿಗೂ ನನ್ನ ಅಂಗೈ ಬೆವರುತ್ತದೆ.

ನಮ್ಮೂರು ಹಚ್ಚೊಳ್ಳಿಯಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ, ಒಂದು ಮಧ್ಯಾಹ್ನ ನಮ್ಮ ಟೀಚರ್ ಅಪ್ಪನಿಗೆ ಇಂಗ್ಲಿಷಿನಲ್ಲಿ ಚೀಟಿ ಕಳಿಸಿದ್ದರು. ಲೆಕ್ಕದಲ್ಲಿ ನಾನು ಫೇಲಾಗುವಂತಿದ್ದರೆ ಶಾಲೆ ಬಿಡಿಸುತ್ತೇನೆಂದು ಅಪ್ಪ ಮೊದಲೇ ಹೇಳಿದ್ದ. ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವಳು ನಾನೊಬ್ಬಳೇ. ಚೀಟಿಯಲ್ಲಿ ಹೀಗಿತ್ತು: ‘ವಿತ್ ಹೆಲ್ಪ್ ಅಟ್ ಹೋಮ್, ಶಿ ವುಡ್ ಪಾಸ್.’ ಇಂಗ್ಲಿಷಿನವರ ಷರತ್ತು ಹೀಗೇ, ‘ಇಫ್’ ಅನ್ನದೆ ಸಣ್ಣದೊಂದು ‘ವಿತ್’ ಹಿಂದೆ ಅಡಗಿ ಕೂತಿರುತ್ತದೆ. ಅಪ್ಪನಿಗೆ ಓದಿ ಹೇಳುವಾಗ ಆ ‘ವಿತ್’ ಭಾಗವನ್ನು ಬಿಟ್ಟೇಬಿಟ್ಟೆ.

“ಪಾಸಾಗ್ತಾಳ ಅಂತ ಬರದಾರಪ್ಪ.”

ಅಪ್ಪ ಚೀಟಿಯ ಮೇಲೆ ಬೆರಳಾಡಿಸಿದ. “ಅವರು ಇಷ್ಟುದ್ದ ಬರದಾರ, ನೀ ಇಷ್ಟ ಹೇಳ್ತಿ. ಉಳಿದಿದ್ದು ನುಂಗಿದೇನಲೇ?”

ಅಜ್ಜಿ ಅಂಗಳದಲ್ಲಿ ಒಣಹಾಕಿದ್ದ ಭತ್ತ ಒಂದು ಹಿಡಿ ತಂದು ನನ್ನ ಕೈಗೆ ಸುರಿದಳು. “ಅನ್ನ ಮುಟ್ಟಿ ಹೇಳವ್ವಾ.”

ಭತ್ತದ ತುದಿ ಅಂಗೈಗೆ ಚುಚ್ಚಿತು. “ಮನ್ಯಾಗ ಯಾರರ ಕುಂತು ಓದಿಸಿದ್ರ ಪಾಸಾಗ್ತಾಳ ಅಂತ ಐತಿ,” ಅಂದೆ.

ಶಾಲೆಯ ಮೆಟ್ಟಿಲನ್ನೇ ಹತ್ತದ ಅಪ್ಪ ಚೀಟಿ ಮಡಚಿ ಜೇಬಿಗಿಟ್ಟ. ಆಮೇಲೆ ಹೆಗಲಿನ ಟವೆಲ್ ಹಾಸಿ, ನನ್ನ ಪುಸ್ತಕದ ಪಕ್ಕ ಕೂತ.

“ಓದು. ಏನೇನು ನುಂಗ್ತಿ, ನಾನೂ ನೋಡ್ತೀನಿ.”