ಮೂರು ತಿಂಗಳಲ್ಲಿ ಒಂದೂವರೆ ಅಡಿ

ಹುಡುಗಿಗೆ ಎಂಟು ವರ್ಷ. ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿಯ ದೋಷ, ಹುಟ್ಟಿನಿಂದಲೇ ಬಂದದ್ದು. ಕಾಲಿಗೆ ಬಲವಿಲ್ಲ, ಮೂತ್ರ ಕಟ್ಟಿ ಕಟ್ಟಿ ಕಿಡ್ನಿಯೂ ಸೋಲುತ್ತಿದೆ ಎಂದು ಮೂರು ತಿಂಗಳ ಹಿಂದೆ ದೊಡ್ಡ ಡಾಕ್ಟರೇ ಹೇಳಿದ್ದರು. ಈ ಸಲ ಅವರು ಕಂಪ್ಯೂಟರಿನಿಂದ ಕಣ್ಣು ಕೀಳದೆಯೇ ನಕ್ಕರು.

“ಶಭಾಷ್! ಕಿಡ್ನಿಯ ಕೆಲಸ ಐವತ್ತರಿಂದ ಎಪ್ಪತ್ತಕ್ಕೆ ಏರಿದೆ.”

“ಆದರೆ ಸರ್, ಬೆಳಗ್ಗೆ ಏಳುವಾಗ ಇವಳ ಮುಖ ಊದಿಕೊಂಡಿರುತ್ತೆ,” ಎಂದಳು ತಾಯಿ.

“ನಿಮ್ಮ ಕಣ್ಣು ನಂಬಲೋ, ಕಂಪ್ಯೂಟರ್ ನಂಬಲೋ? ರಕ್ತದ ರಿಪೋರ್ಟು, ಮಗುವಿನ ಎತ್ತರ, ಎರಡನ್ನೂ ಹಾಕಿದರೆ ಅದೇ ಲೆಕ್ಕ ಹೇಳುತ್ತೆ. ರಕ್ತ ಹೋದ ಸಲದಂತೆಯೇ ಇದೆ. ಮಗು ಎತ್ತರ ಬೆಳೆದಿದೆ, ಅದಕ್ಕೇ ಕಿಡ್ನಿ ಸುಧಾರಿಸಿದೆ.”

“ಎತ್ತರ ಬೆಳೆದಿದ್ದಾಳಾ?”

“ಮೂರು ತಿಂಗಳಲ್ಲಿ ಒಂದೂವರೆ ಅಡಿ! ನಾನು ಬರೆದುಕೊಟ್ಟ ಟಾನಿಕ್ಕಿನ ಮಹಿಮೆ. ಕಿಡ್ನಿಯ ಮಾತ್ರೆ ನಿಲ್ಲಿಸಿ, ಇನ್ನು ಒಂದು ವರ್ಷ ಇತ್ತ ಬರಬೇಡಿ.”

ಸುತ್ತ ನಿಂತಿದ್ದ ಕಿರಿಯ ಡಾಕ್ಟರುಗಳು ತಲೆದೂಗಿ ಬರೆದುಕೊಂಡರು. ಒಬ್ಬರು ಟಾನಿಕ್ಕಿನ ಹೆಸರನ್ನೂ ಕೇಳಿದರು.

“ಇಷ್ಟು ಬೇಗ ಹೇಗಮ್ಮ ಬೆಳೆದೆ, ಪುಟ್ಟಿ?” ಆಗಲೂ ಡಾಕ್ಟರು ಪರದೆಯನ್ನೇ ನೋಡುತ್ತಿದ್ದರು.

ಗಾಲಿಕುರ್ಚಿಯಿಂದ ಹುಡುಗಿ ಹೇಳಿದಳು: “ನಂಗೆ ನಿಲ್ಲೋಕಾಗಲ್ಲ ಅಂತ ನರ್ಸಕ್ಕ ಈ ಸಲ ಅಮ್ಮನ ಸೊಂಟದ ಮೇಲೆ ಕೂರಿಸಿ ಅಳೆದರು.”