ಕದ್ದು ಮೂಸಿದ ಸಂಪಿಗೆ

ಮಾಸ್ಕಿನೊಳಗೆ ಔಷಧಿ ಮಂಜಿನಂತೆ ಏಳುತ್ತಲೇ ಸವಿತಾ ಗಬಕ್ಕನೆ ಉಸಿರೆಳೆದು ಕೆಮ್ಮಿಬಿಟ್ಟಳು. "ಹೀಗಾದ್ರೆ ಗಂಟಲಲ್ಲೇ ನಿಂತ್ಬಿಡುತ್ತೆ ಅಕ್ಕ," ಎಂದರು ಡಾಕ್ಟರ್ ದಿವ್ಯಾ, ಹುಡುಗಿಯ ತಾಯಿ ಮಹಾದೇವಿಗೆ. "ಹುಟ್ಟಿನಿಂದ ಕೆಟ್ಟಿರೋ ಜೀನಿಗೆ ಬದಲಿ ಇದರಲ್ಲೇ ಇರೋದು. ಶ್ವಾಸಕೋಶದ ಆಳಕ್ಕೆ ಇಳೀಬೇಕು. ಉಳಿದಿರೋದು ಅರ್ಧ ಔಷಧಿ, ಇದನ್ನ ಇನ್ನೊಂದ್ಸಲ ಕೊಡೋಕಾಗಲ್ಲ."

ಮಹಾದೇವಿ ಮಗಳ ಕಿವಿಗೆ ಬಾಗಿದಳು. "ದೇವರ ಬುಟ್ಟ್ಯಾಗಿನ ಸಂಪಿಗಿ ಅಂತ ತಿಳಕೊಂಡು ಮೂಸು."

"ದೇವರ ಹೂವು ಮೂಸಿದ್ರ ನೀನ ಬಡೀತಿದ್ದೆಲ್ಲವ್ವಾ?"

"ನಾನೂ ನಮ್ಮವ್ವನ ಬೆನ್ನಹಿಂದ ಕದ್ದು ಮೂಸೀನಿ. ಸಪ್ಪಳಿಲ್ಲದಂಗ ಮೆಲ್ಲಕ ಎಳಕೊಂಡು, ಉಸಿರು ಬಿಗಿಹಿಡಿದು ನಿಂತಿರ್ತಿದ್ದೆ."

ಸವಿತಾ ನಕ್ಕು ಕಣ್ಣು ಮುಚ್ಚಿದಳು. ಮಂಜು ಸದ್ದಿಲ್ಲದೆ ಒಳಗಿಳಿಯಿತು, ಕೆಮ್ಮು ಬರಲಿಲ್ಲ. ಮಹಾದೇವಿಗೆ ಊರಿನ ಆ ಬೆಳಗುಗಳು, ಹೂವು ಕಟ್ಟುತ್ತ ಕೂತ ಅವ್ವನ ಬೆನ್ನು ಕಣ್ಣಿಗೆ ಕಟ್ಟಿದವು. ಅವ್ವ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಬೇಕಂತಲೇ ನೋಡಿರಲಿಲ್ಲವೇನೋ ಎಂದು ಅವಳಿಗೆ ಇಂದು ಅನಿಸಿತು.